ಹೊಗಳಿದ ಕಬ್ಬು, ತೆಗಳಿದ ಕಬ್ಬು

ಕಬ್ಬಿನ ತಳಿಗಳಿಗೆ ‘ಕೋ’ ಅಂತ ಹೆಸರಿಡ್ತಾರಲ್ಲ, ಅದು ನಮ್ಮ ಕೊಯಮತ್ತೂರಿನ ಮೊದಲಕ್ಷರ. 1912ರಲ್ಲಿ ಇಲ್ಲಿ ಕಬ್ಬಿನ ತಳಿ ಕೇಂದ್ರ ಶುರುವಾಯ್ತು. ಬಾರ್ಬರ್ ದೊರೆಗಳೂ ಟಿ. ಎಸ್. ವೆಂಕಟರಾಮನ್ ಅವರೂ ಸಿಹಿ ಕಬ್ಬನ್ನು ಕಾಡು ಕಬ್ಬಿನ ಜೊತೆ ಕೂಡಿಸಿ ಕೋ 205 ಅನ್ನೋ ತಳಿ ತಂದರು. 1918ರಲ್ಲಿ ಅದು ಪಂಜಾಬಿನ ರೈತರಿಗೆ ಹೋಯ್ತು.

ಈ ಚರಿತ್ರೆ ಹೇಳುವಾಗ ಎಲ್ಲರೂ ಗೆದ್ದ ತಳಿಗಳನ್ನೇ ಹಾಡಿ ಹೊಗಳ್ತಾರೆ. ನನಗೆ ಕಾಣೋ ಮಟ್ಟಿಗೆ, ಕಬ್ಬಿಗೆ ಹೊಗಳಿಕೆಗಿಂತ ಹೆಚ್ಚು ಉಪಕಾರ ಮಾಡಿದ್ದು ದೂರು.

ಕೋ 213 ಅಂತ ಒಂದು ತಳಿ ಬಿಹಾರದಲ್ಲೂ ಉತ್ತರ ಪ್ರದೇಶದ ಮೂಡಲ ಕಡೆಯಲ್ಲೂ ಹೊಲ ತುಂಬಾ ಹರಡಿತ್ತು. ಇಳುವರಿ ಚೆನ್ನಾಗಿತ್ತು, ಹಾಗಾಗಿ ಎಲ್ಲರೂ ಅದನ್ನೇ ನೆಟ್ಟರು. 1930ರ ದಶಕದ ಕೊನೆಗೆ ಕೆಂಪು ಕೊಳೆ ರೋಗ ಬಂದು ಆ ಹೊಲಗಳನ್ನು ಹಾಳು ಮಾಡ್ತು. ‘ಒಳ್ಳೆ ಕಬ್ಬು’ ಅನ್ನೋ ಮಾತು ಸುಳ್ಳಾಗಿರಲಿಲ್ಲ. ಆದರೆ ಆ ಮಾತಿನಲ್ಲಿ ರೋಗದ ಸುದ್ದಿ ಇರಲಿಲ್ಲ.

ಕೆಂಪು ಕೊಳೆ ಬಲು ಕಳ್ಳ ರೋಗ. ಹೊರಗೆ ಮೂರನೇ ನಾಲ್ಕನೇ ಎಲೆ ಹಳದಿಯಾಗಿ ಒಣಗುತ್ತೆ, ನೋಡಿದೋರು ನೀರು ಸಾಲದು ಅಂದ್ಕೋತಾರೆ. ಕಬ್ಬು ಸೀಳಿದರೆ ಒಳಗೆ ಕೆಂಪು, ನಡುನಡುವೆ ಬಿಳಿ ಪಟ್ಟೆ, ಹೆಂಡದ ಹಾಗೆ ಹುಳಿ ವಾಸನೆ. ಬಿತ್ತನೆ ತುಂಡಿನ ಜೊತೆಯಲ್ಲೇ ಅದು ಮುಂದಿನ ಹೊಲಕ್ಕೆ ಹೋಗುತ್ತೆ. ಒಳಗೆ ಸೇರಿದ ಮೇಲೆ ಔಷಧಿ ಹೊಡೆದು ವಾಸಿ ಮಾಡೋಕಾಗಲ್ಲ.

ಅದಕ್ಕೆ ವಿಜ್ಞಾನಿಗಳು ಕಬ್ಬಿನ ತಪ್ಪು ಹುಡುಕೋದನ್ನೇ ಒಂದು ಕೆಲಸ ಮಾಡ್ಕೊಂಡರು. ಬೆಳೆದು ನಿಂತ ಕಬ್ಬಿನ ಗೆಣ್ಣುಗಳ ನಡುವೆ ತೂತು ಕೊರೆದು, ಬೇಕೂ ಅಂತಲೇ ರೋಗದ ಬೂಷ್ಟು ಬಿಟ್ಟು ಮುಚ್ಚುತಾರೆ. ಸುಮಾರು 60 ದಿನ ಆದಮೇಲೆ ಕಬ್ಬನ್ನು ಉದ್ದಕ್ಕೆ ಸೀಳಿ, ಕೆಂಪು ಎಷ್ಟು ದೂರ ಹಬ್ಬಿದೆ ಅಂತ ನೋಡಿ ಅಂಕ ಹಾಕ್ತಾರೆ. ಸೋತ ತಳಿ ಎಷ್ಟೇ ಸಿಹಿಯಿದ್ದರೂ ಅದರ ಸೋಲನ್ನು ಬರೆದಿಡ್ತಾರೆ.

ಹಾಗೆ ಬರೆದಿಟ್ಟದ್ದರಿಂದ ತಳಿಗೆ ಅವಮಾನ ಆಗಲ್ಲ. ಕಡಲೂರಿನಿಂದ ಬಂದ ಕೋಸಿ 671 ತಳಿಯನ್ನೇ ನೋಡಿ. ಸಕ್ಕರೆ ಅಂಶದಲ್ಲಿ ಅದು ಬಲು ಗಟ್ಟಿ. ನಮ್ಮ ತಮಿಳುನಾಡಲ್ಲಿ ಕೆಂಪು ಕೊಳೆಗೆ ಸಿಕ್ಕಿ ಸೋತಿತು. ಆದರೂ ಅದನ್ನು ಬಿಸಾಡಲಿಲ್ಲ. ಗುಣ ಯಾವುದು, ದೋಷ ಯಾವುದು ಅಂತ ಗೊತ್ತಿದ್ದರಿಂದ ಕೋ 62198ರ ಜೊತೆ ಕೂಡಿಸಿದರು. ಹುಟ್ಟಿದ್ದು ಕೋ 86032. 2000ದಲ್ಲಿ ಬಿಡುಗಡೆಯಾದ ಆ ತಳಿ ನಮ್ಮಲ್ಲೂ ಕರ್ನಾಟಕದಲ್ಲೂ ಹೊಲ ಹೊಲಕ್ಕೆ ಹರಡಿದೆ. ಬರೀ ‘ಭೇಷ್’ ಅಂದಿದ್ರೆ ಈ ಮಗು ಹುಟ್ಟುತಿತ್ತಾ?

ಹಾಡಿನ ಕಡೆಯೂ ಹೀಗೇನೆ. ಚಪ್ಪಾಳೆ ಹೊಡೆದೋರು ಮನೆಗೆ ಹೋಗ್ತಾರೆ, ಹಾಡುಗಾರನಿಗೆ ಹೊಸದೇನೂ ಸಿಗಲ್ಲ. ‘ಮೂರನೇ ನುಡೀಲಿ ತಾಳ ಓಡ್ತದೆ’ ಅಂದ ಮುದುಕ ಒಂದು ದಾರಿ ತೋರಿಸಿರ್ತಾನೆ. ‘ನಿನ್ನ ಹಾಡು ದರಿದ್ರ’ ಅಂದೋನು ಮಾತ್ರ ಏನೂ ಕೊಡಲಿಲ್ಲ. ತೆಗಳಿಕೇಲೂ ಜೊಳ್ಳು ಕಾಳು ಎರಡೂ ಇವೆ. ಎಲ್ಲಿ, ಯಾವಾಗ, ಹೇಗೆ ಅಂತ ಹೇಳಿದ್ದೇ ಕಾಳು.

ಇಷ್ಟಾದರೂ ದೂರು ಹೇಳೋಕೆ ನಾವು ಹಿಂಜರೀತೀವಿ. ‘ನನ್ನ ಹೊಲದಲ್ಲಿ ರೋಗ ಇದೆ’ ಅಂದರೆ ಬಿತ್ತನೆ ಕಬ್ಬು ಯಾರೂ ಕೊಳ್ಳಲ್ಲ ಅನ್ನೋ ಭಯ. ಆ ಭಯಕ್ಕೆ ಬಾಯಿ ಮುಚ್ಚಿದರೆ ನೆಂಟರ ಹೊಲಕ್ಕೂ ರೋಗವನ್ನು ಗಾಡೀಲಿ ತುಂಬಿ ಕಳಿಸಿದ ಹಾಗೆ. ಉತ್ತರ ಪ್ರದೇಶದಲ್ಲಿ ಕೋ 0238 ತಳಿಯನ್ನು ಅದ್ಭುತ ಕಬ್ಬು ಅಂತ ಕೊಂಡಾಡಿ, ಎಲ್ಲಿ ನೋಡಿದರೂ ಅದನ್ನೇ ನೆಟ್ಟರು. ಮತ್ತೆ ಅದೇ ಕೆಂಪು ಕೊಳೆ ಬಂತು. ನೂರು ವರ್ಷದ ಪಾಠ ಇನ್ನೂ ಮುಗಿದಿಲ್ಲ.

ಅದಕ್ಕೇ ರೈತರಿಗೆ ಹೇಳ್ತೀನಿ: ಕಬ್ಬಿನ ಆಫೀಸರು ಬಂದಾಗ ‘ಎಲ್ಲಾ ಚೆನ್ನಾಗಿದೆ ಸಾರ್’ ಅಂತ ಕಾಫಿ ಕೊಟ್ಟು ಕಳಿಸಬೇಡಿ. ಯಾವ ಸಾಲು, ಎಷ್ಟನೇ ತಿಂಗಳು, ಯಾವ ಎಲೆ ಒಣಗಿತು ಅಂತ ತೋರಿಸಿ, ಒಂದು ಜಲ್ಲೆ ಸೀಳಿ ಅವರ ಕೈಗೆ ಕೊಡಿ.