ಹಿಮದೆದುರು ಕೈಮುಗಿದ ಸೂರುಗಳು

ಜಪಾನಿನ ಗಿಫು ಪ್ರಾಂತ್ಯದಲ್ಲಿ ಶೋ ನದಿ ಹರಿಯುವ ಬೆಟ್ಟಗಳ ನಡುವಿನ ಕಣಿವೆ ಶಿರಾಕಾವ. ಚಳಿಗಾಲದಲ್ಲಿ ಸೈಬೀರಿಯಾದಿಂದ ಹೊರಡುವ ಒಣಗಾಳಿ ಜಪಾನ್ ಸಮುದ್ರವನ್ನು ದಾಟುವಾಗ ತೇವ ಹೀರಿಕೊಂಡು, ಇಲ್ಲಿನ ಬೆಟ್ಟಗಳಿಗೆ ತಾಗಿ ಹಿಮವಾಗಿ ಸುರಿಯುತ್ತದೆ. ಕೆಲವು ವರ್ಷ ಹಿಮದ ದಪ್ಪ 2 ಮೀಟರ್ ಮೀರುವುದುಂಟು. ಹಿಂದೆಲ್ಲ ದಾರಿಗಳು ಮುಚ್ಚಿಹೋಗಿ, ಈ ಹಳ್ಳಿಗಳು ವಸಂತದವರೆಗೂ ಹೊರಗಿನ ಸಂಪರ್ಕವಿಲ್ಲದೆ ಕಾಲ ತಳ್ಳಬೇಕಿತ್ತು.

ಈ ಹಿಮದೊಂದಿಗೆ ಬಾಳಲು ಇಲ್ಲಿನ ರೈತರು ಕಂಡುಕೊಂಡ ಮನೆಯ ಹೆಸರು 'ಗಶ್ಶೋ ಜುಕುರಿ'. ಗಶ್ಶೋ ಎಂದರೆ ಕೈಮುಗಿಯುವುದು. ಹೆಸರಿಗೆ ತಕ್ಕಂತೆ ಹುಲ್ಲಿನ ಚಾವಣಿಯ ಎರಡು ಬದಿಗಳು ಜೋಡಿಸಿದ ಅಂಗೈಗಳಂತೆ ಕಡಿದಾಗಿ ಮೇಲೇರಿ ಸೇರುತ್ತವೆ. ಇಳಿಜಾರು ಸುಮಾರು 60 ಡಿಗ್ರಿ. ತೇವ ತುಂಬಿದ ಭಾರದ ಹಿಮ ಹೆಚ್ಚು ಹೊತ್ತು ನಿಲ್ಲದಿರಲೆಂದೇ ಈ ಏರ್ಪಾಟು. ಹೆಚ್ಚಿನ ಮನೆಗಳ ಚಾವಣಿ ಪೂರ್ವಕ್ಕೂ ಪಶ್ಚಿಮಕ್ಕೂ ಮುಖ ಮಾಡಿರುವುದರಿಂದ ಎರಡೂ ಬದಿಗೆ ಬಿಸಿಲು ಬಿದ್ದು ಹಿಮ ಕರಗುತ್ತದೆ, ಹುಲ್ಲು ಒಣಗುತ್ತದೆ.

ಚಾವಣಿಯ ಮರಗಳನ್ನು ಜೋಡಿಸಲು ಮೊಳೆ ಬಳಸುವುದಿಲ್ಲ. ಹುರಿಹಗ್ಗ ಮತ್ತು ಬಳುಕುವ ಎಳೆಮರದ ಕಾಂಡಗಳಿಂದ ಬಿಗಿಯುತ್ತಾರೆ. ಹಸಿಯಾಗಿ ಸುತ್ತಿದ ಕಾಂಡ ಒಣಗಿದಷ್ಟೂ ಬಿಗಿಯಾಗುತ್ತದೆ. ಹಿಮದ ಹೊರೆ, ಗಾಳಿಯ ನೂಕಿಗೆ ಚಾವಣಿ ತುಸು ಬಾಗುತ್ತದೆಯೇ ಹೊರತು ಮುರಿಯುವುದಿಲ್ಲ. ಕೆಳಗಿನ ಒಲೆಗುಂಡಿಯಲ್ಲಿ ಸದಾ ಉರಿಯುವ ಬೆಂಕಿಯ ಹೊಗೆ ಮೇಲೇರಿ ಹಗ್ಗ, ಹುಲ್ಲುಗಳನ್ನು ಹುಳು ಹಿಡಿಯದಂತೆ ಕಾಯುತ್ತದೆ.

ಗದ್ದೆಗೆ ಜಾಗ ಕಡಿಮೆಯಿದ್ದ ಈ ಕಣಿವೆಯಲ್ಲಿ ಹೊಟ್ಟೆಪಾಡಿಗೂ ಮನೆಯೇ ಆಧಾರವಾಯಿತು. ಎತ್ತರದ ಅಟ್ಟಗಳಲ್ಲಿ ರೇಷ್ಮೆ ಹುಳು ಸಾಕಿದರು. ನೆಲದಡಿಯ ಗುಂಡಿಗಳಲ್ಲಿ ಮಣ್ಣು, ಸೊಪ್ಪು, ಹುಳುವಿನ ಹಿಕ್ಕೆಗಳನ್ನು ವರ್ಷಗಟ್ಟಲೆ ಕೊಳೆಸಿ, ಮದ್ದುಗುಂಡಿಗೆ ಬೇಕಾದ ಪೆಟ್ಲುಪ್ಪು ತೆಗೆದರು.

ಆದರೆ ಈ ಮನೆಯನ್ನು ಒಂದು ಕುಟುಂಬ ತಾನೊಂದೇ ಉಳಿಸಿಕೊಳ್ಳಲಾರದು. 30-40 ವರ್ಷಕ್ಕೊಮ್ಮೆ ಹುಲ್ಲು ಬದಲಿಸಬೇಕು. ಅದಕ್ಕೆ ನೂರಿನ್ನೂರು ಜನ ಬೇಕು. ಅದಕ್ಕಾಗಿಯೇ ಇದ್ದದ್ದು 'ಯುಯಿ', ನಮ್ಮ ಹಳ್ಳಿಗಳ ಮುಯ್ಯಾಳಿನಂಥ ಪದ್ಧತಿ. ಯಾವ ಮನೆಯವರು ಎಷ್ಟು ಹುಲ್ಲು, ಎಷ್ಟು ಹಗ್ಗ ತಂದರು, ಎಷ್ಟು ದಿನ ದುಡಿದರು ಎಂಬುದನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅಪ್ಪ ಪಡೆದ ನೆರವನ್ನು ಮಗ ತೀರಿಸುವುದೂ ಇತ್ತು.

1935ರಲ್ಲಿ ಇಲ್ಲಿಗೆ ಬಂದ ಜರ್ಮನ್ ವಾಸ್ತುಶಿಲ್ಪಿ ಬ್ರೂನೊ ಟೌಟ್ ಈ ಮನೆಗಳನ್ನು ಕೊಂಡಾಡಿದರು. ಹೊರಗಿನವರ ಮೆಚ್ಚುಗೆಯಿಂದ ಚಾವಣಿ ನಿಲ್ಲುವುದಿಲ್ಲವಷ್ಟೆ. ರೇಷ್ಮೆ ಕಸುಬು ಕುಸಿಯಿತು. 1961ರಲ್ಲಿ ಪೂರ್ಣಗೊಂಡ ಮಿಬೊರೊ ಅಣೆಕಟ್ಟಿನ ನೀರಿನಲ್ಲಿ ಕೆಲವು ಹಳ್ಳಿಗಳು ಮುಳುಗಿದವು. ಜನ ಊರು ಬಿಟ್ಟಂತೆ ಹುಲ್ಲು ಹೊದಿಸುವ ಕೈಗಳು ಕಡಿಮೆಯಾದವು. ಶತಮಾನಗಳ ಹಿಮಕ್ಕೆ ಬಗ್ಗದ ಮನೆಗಳು ಒಂದೊಂದಾಗಿ ಮಾರಾಟವಾದವು, ಕಳಚಿ ಬೇರೆಡೆಗೆ ಸಾಗಿದವು.

ಉಳಿದವರು ಎಚ್ಚೆತ್ತದ್ದು 1971ರಲ್ಲಿ. ಒಗಿಮಾಚಿ ಹಳ್ಳಿಯವರು ಸಂಘ ಕಟ್ಟಿಕೊಂಡು ಮೂರು ಕಟ್ಟಳೆ ಮಾಡಿಕೊಂಡರು: ಮನೆಗಳನ್ನು ಮಾರಕೂಡದು, ಬಾಡಿಗೆಗೆ ಕೊಡಕೂಡದು, ಕೆಡವಕೂಡದು. 1976ರಲ್ಲಿ ಸರ್ಕಾರದ ರಕ್ಷಣೆ ಸಿಕ್ಕಿತು. 1995ರಲ್ಲಿ ಒಗಿಮಾಚಿ, ನೆರೆಯ ಗೊಕಾಯಾಮದ ಎರಡು ಹಳ್ಳಿಗಳೊಡನೆ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು.

ಈಗ ರೇಷ್ಮೆಯ ಬದಲು ಪ್ರವಾಸಿಗರು ಊರನ್ನು ಸಾಕುತ್ತಿದ್ದಾರೆ. ಹುಲ್ಲು ಹೊದಿಸಲು ಸರ್ಕಾರದ ನೆರವಿದೆ, ಕೂಲಿಗೆ ಬರುವ ಕಸುಬುದಾರರೂ ಇದ್ದಾರೆ. ಆದರೂ ಯುಯಿ ಪೂರ್ತಿ ಮರೆಯಾಗಿಲ್ಲ. 2001ರಲ್ಲಿ ಒಂದು ದೊಡ್ಡ ಮನೆಗೆ ಹೊಸ ಹುಲ್ಲು ಹೊದಿಸಲು ಸುಮಾರು 500 ಜನ ಕೈಜೋಡಿಸಿದರು. ಹಿಮದ ಹೊರೆಯನ್ನು ಚಾವಣಿ ಹೊತ್ತೀತು. ಆ ಚಾವಣಿಯನ್ನು ಹೊರುವವರು ನೆರೆಹೊರೆಯವರೇ.