ಸೈಲೆನ್ಸರಿನ ಹೊಟ್ಟೆಯಲ್ಲೊಂದು ಜೇನುಗೂಡು

ಕಳೆದ ಮಳೆಗಾಲದಲ್ಲಿ ನನ್ನ ಡೀಸೆಲ್ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ದೀಪ ಹತ್ತಿಕೊಂಡಿತು. ಒಂದು ಕೊಳವೆ, ಅದರೊಳಗೆ ಒಂದಷ್ಟು ಚುಕ್ಕೆ. ಮೊದಲ ವಾರ ಕಂಡೂ ಕಾಣದವನ ಹಾಗೆ ಇದ್ದೆ. ಎರಡನೇ ವಾರ ಕಾರು ಎಳೆಯುವುದನ್ನೇ ಬಿಟ್ಟಿತು. ಫ್ಲೈಓವರ್ ಹತ್ತುವಾಗ ಹಿಂದಿನಿಂದ ಆಟೋಗಳೆಲ್ಲ ಹಾರ್ನ್ ಹೊಡೆದು ಮುಂದೆ ಹೋದವು.

ಗ್ಯಾರೇಜಿನವರು ಸ್ಕ್ಯಾನರ್ ಹಾಕಿ ನೋಡಿದರು. "ಡಿಪಿಎಫ್ ಚೋಕ್ ಆಗಿದೆ ಸಾರ್. ಹೊಸದು ಹಾಕ್ಸಿದ್ರೆ ಲಕ್ಷ ದಾಟುತ್ತೆ. ಒಳಗಿನ ಇಟ್ಟಿಗೆ ಒಡೆದು ತೆಗೆದು, ಸಾಫ್ಟ್‌ವೇರ್ ಸ್ವಲ್ಪ ಚೇಂಜ್ ಮಾಡಿದ್ರೆ ಇಪ್ಪತ್ತೈದು ಸಾವಿರದಲ್ಲಿ ಮುಗಿಯುತ್ತೆ. ಪಿಕಪ್ಪೂ ಚೆನ್ನಾಗಿ ಬರುತ್ತೆ."

"ಎಮಿಷನ್ ಟೆಸ್ಟು?"

"ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ ಸಾರ್, ಪಾಸ್ ಆಗುತ್ತೆ. ಎಲ್ರೂ ಮಾಡಿಸ್ತಾರೆ."

ಮೂಲೆಯಲ್ಲಿ ಬೇರೆ ಯಾವುದೋ ಗಾಡಿಯಿಂದ ತೆಗೆದ ಇಟ್ಟಿಗೆಯ ತುಂಡೊಂದು ಬಿದ್ದಿತ್ತು. ಎತ್ತಿ ನೋಡಿದೆ. ಮಸಿ ಮೆತ್ತಿದ ಪಿಂಗಾಣಿ. ಮೈತುಂಬ ಸಣ್ಣ ಸಣ್ಣ ಚೌಕಾಕಾರದ ತೂತುಗಳು, ಜೇನುಗೂಡಿನ ಹಾಗೆ. ಇದನ್ನು ಮೊದಲು ಯಾರು ಮಾಡಿದರು, ಯಾಕೆ ಮಾಡಿದರು ಅನ್ನೋ ಕುತೂಹಲ ಹುಟ್ಟಿತು. "ಎರಡು ದಿನ ಟೈಮ್ ಕೊಡಿ" ಅಂತ ಹೇಳಿ ಆಟೋ ಹತ್ತಿದೆ. ಆ ಎರಡು ದಿನದಲ್ಲಿ ಓದಿಕೊಂಡಿದ್ದನ್ನೇ ಇಲ್ಲಿ ಬರೀತಿದ್ದೀನಿ.

ಕಥೆ ಶುರುವಾಗೋದು ಲಾಸ್ ಏಂಜಲೀಸ್‌ನಲ್ಲಿ. 1943ರ ಜುಲೈನಲ್ಲಿ ಒಂದು ದಿನ ಊರ ಮೇಲೆ ಕಂದು ಬಣ್ಣದ ಮಬ್ಬು ಕವಿದು ಜನರ ಕಣ್ಣಲ್ಲಿ ನೀರು, ಗಂಟಲಲ್ಲಿ ಉರಿ. ಯುದ್ಧದ ಕಾಲ ನೋಡಿ, ಜಪಾನಿನವರೇ ವಿಷಾನಿಲ ಬಿಟ್ಟಿದ್ದಾರೆ ಅಂತ ಕೆಲವರು ಹೆದರಿದರಂತೆ. ಕಾರ್ಖಾನೆಗಳ ಮೇಲೆ, ಕಸ ಸುಡುವವರ ಮೇಲೆ ಗೂಬೆ ಕೂರಿಸಿದ್ದಾಯ್ತು. ನಿಜವಾದ ಕಳ್ಳನನ್ನು ಹಿಡಿದವರು ಕ್ಯಾಲ್‌ಟೆಕ್‌ನಲ್ಲಿದ್ದ ಡಚ್ ಮೂಲದ ರಸಾಯನಶಾಸ್ತ್ರಜ್ಞ ಆರಿ ಹಾಗೆನ್-ಸ್ಮಿತ್. ಅನಾನಸ್ ಹಣ್ಣಿನ ಪರಿಮಳ ಯಾವ್ಯಾವ ರಾಸಾಯನಿಕಗಳಿಂದ ಬರುತ್ತೆ ಅಂತ ಬಿಡಿಸಿ ನೋಡುತ್ತಿದ್ದ ಮನುಷ್ಯ. ಅದೇ ವಿದ್ಯೆಯನ್ನು ಊರಿನ ಗಾಳಿಯ ಮೇಲೆ ಪ್ರಯೋಗಿಸಿದರು. 1950ರ ದಶಕದ ಆರಂಭದ ಹೊತ್ತಿಗೆ ಅವರಿಗೆ ಸಿಕ್ಕ ಉತ್ತರ ಇಷ್ಟು: ಕಾರುಗಳು ಉಗುಳುವ ಅರೆಬೆಂದ ಪೆಟ್ರೋಲಿನ ಆವಿ ಮತ್ತು ನೈಟ್ರೋಜನ್ ಆಕ್ಸೈಡ್‌ಗಳು ಬಿಸಿಲಿಗೆ ಬಿದ್ದು ಓಝೋನ್ ಆಗುತ್ತವೆ, ಕಣ್ಣು ಉರಿಸುವ ಮಬ್ಬು ಹುಟ್ಟೋದು ಹೀಗೆ. ಅಂದರೆ ತಪ್ಪಿತಸ್ಥರು ಕಣ್ಣು ಒರೆಸಿಕೊಳ್ಳುತ್ತಾ ಸ್ಟಿಯರಿಂಗ್ ಹಿಡಿದು ಕೂತಿದ್ದ ಊರಿನವರೇ.

ಆ ಊರಿನ ಮಬ್ಬಿನ ಸುದ್ದಿ ಕೇಳಿ ಇನ್ನೊಬ್ಬರು ಎಚ್ಚೆತ್ತರು. ಯೂಜೀನ್ ಹುಡ್ರಿ, ಫ್ರೆಂಚ್ ಎಂಜಿನಿಯರ್. ಕಚ್ಚಾ ತೈಲವನ್ನು ವೇಗವರ್ಧಕದ, ಅಂದರೆ ಕ್ಯಾಟಲಿಸ್ಟ್‌ನ, ಸಹಾಯದಿಂದ ಒಡೆದು ಒಳ್ಳೆ ಪೆಟ್ರೋಲ್ ತೆಗೆಯುವ ವಿಧಾನ ಕಂಡುಹಿಡಿದವರು ಇವರೇ. ಪೆಟ್ರೋಲ್ ಮಾಡೋಕೆ ಕ್ಯಾಟಲಿಸ್ಟ್ ಬಳಸಿದವರು ಅದರ ಹೊಗೆ ತೊಳೆಯೋಕೂ ಕ್ಯಾಟಲಿಸ್ಟನ್ನೇ ಬಳಸೋಣ ಅಂತ ಹೊರಟರು. 1956ರಲ್ಲಿ ಪೇಟೆಂಟೂ ಸಿಕ್ಕಿತು. ಆದರೆ ಕಾರಿಗೆ ಹಾಕಿದರೆ ಅದು ಬಾಳಲಿಲ್ಲ. ಕಾರಣ, ಸೀಸ. 1920ರ ದಶಕದಿಂದ ಎಂಜಿನ್ 'ನಾಕ್' ಮಾಡಬಾರದು ಅಂತ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುತ್ತಿದ್ದರು. ಆ ಸೀಸ ಕ್ಯಾಟಲಿಸ್ಟಿನ ಮೇಲೆ ಪದರ ಕಟ್ಟಿ ಅದನ್ನು ಕೊಂದುಹಾಕುತ್ತಿತ್ತು. ಹುಡ್ರಿ 1962ರಲ್ಲಿ ತೀರಿಕೊಂಡರು. ತಮ್ಮ ಯಂತ್ರ ಕಾರುಗಳಲ್ಲಿ ಓಡಾಡುವುದನ್ನು ನೋಡುವ ಭಾಗ್ಯ ಅವರಿಗೆ ಸಿಗಲಿಲ್ಲ.

1970ರ ಡಿಸೆಂಬರ್ 31ರಂದು ಅಮೆರಿಕದ ಅಧ್ಯಕ್ಷ ನಿಕ್ಸನ್ ಹೊಸ ಕ್ಲೀನ್ ಏರ್ ಕಾಯಿದೆಗೆ ಸಹಿ ಹಾಕಿದರು. 1975ರ ಮಾಡೆಲ್ ಕಾರುಗಳಿಂದ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಶೇ. 90ರಷ್ಟು ಇಳೀಬೇಕು. ಹೇಗೆ ಇಳಿಸಬೇಕು ಅಂತ ಕಾಯಿದೆ ಹೇಳಲಿಲ್ಲ, ಯಾಕಂದ್ರೆ ಅದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನಮ್ಮ ಆಫೀಸಲ್ಲಿ ಸೇಲ್ಸ್‌ನವರು ಮೊದಲು ಡೇಟ್ ಕೊಟ್ಟು ಆಮೇಲೆ ಎಂಜಿನಿಯರ್‌ಗಳಿಗೆ ಹೇಳ್ತಾರಲ್ಲ, ಹೆಚ್ಚುಕಮ್ಮಿ ಹಾಗೆ. ಕಾರು ಕಂಪನಿಗಳು ಆಗೋದೇ ಇಲ್ಲ ಅಂತ ಕೂಗಾಡಿದವು.

ರಾಸಾಯನಿಕ ಕೆಲಸಕ್ಕೆ ಪ್ಲಾಟಿನಂ ಇತ್ತು. ಅದನ್ನು ಕೂರಿಸೋದು ಎಲ್ಲಿ ಅನ್ನೋದೇ ತಲೆನೋವು. ಹೊಗೆ ಸರಾಗವಾಗಿ ಹರಿದು ಹೋಗಬೇಕು, ಆದರೂ ಅದರ ಪ್ರತಿ ಕಣ ಲೋಹಕ್ಕೆ ತಾಗಬೇಕು. ಚಳಿಗಾಲದ ಬೆಳಿಗ್ಗೆ ತಣ್ಣಗಿದ್ದದ್ದು ಕೆಲವೇ ನಿಮಿಷದಲ್ಲಿ ನೂರಾರು ಡಿಗ್ರಿಗೆ ಏರಿದರೂ ಬಿರುಕು ಬಿಡಬಾರದು. ಒಲೆಯ ಮೇಲೆ ಕಾದ ಗಾಜಿನ ಪಾತ್ರೆಗೆ ತಣ್ಣೀರು ಬಿದ್ದರೆ ಏನಾಗುತ್ತೆ ಅಂತ ಗೊತ್ತಲ್ಲ, ಅದು ಇಲ್ಲಿ ದಿನಾ ಆಗುವ ಕಥೆ.

ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಅನ್ನೋ ಸಣ್ಣ ಊರಿನ ಗಾಜಿನ ಕಂಪನಿಗೆ ಈ ಸಮಸ್ಯೆ ಬಂತು. ಕಂಪನಿಯ ಹೆಸರೂ ಕಾರ್ನಿಂಗೇ. ಇವತ್ತು ನಮ್ಮ ಫೋನಿನ ಗೊರಿಲ್ಲಾ ಗ್ಲಾಸ್ ಮಾಡೋದು ಇವರೇ. ಅಲ್ಲಿ ಮೂವರು ಕೆಲಸಕ್ಕೆ ಕೂತರು: ರಾಡ್ನಿ ಬ್ಯಾಗ್ಲಿ, ಇರ್ವಿನ್ ಲ್ಯಾಕ್‌ಮನ್, ರೊನಾಲ್ಡ್ ಲೂಯಿಸ್. ಲ್ಯಾಕ್‌ಮನ್ ಮತ್ತು ಲೂಯಿಸ್ ಮಣ್ಣಿನ ಪಾಕ ನೋಡಿಕೊಂಡರು. ಅವರು ಆರಿಸಿದ್ದು ಕಾರ್ಡಿಯರೈಟ್. ಮೆಗ್ನೀಸಿಯಂ, ಅಲ್ಯೂಮಿನಿಯಂ, ಸಿಲಿಕಾ ಸೇರಿದ ಸೆರಾಮಿಕ್. ಮಾಡೋ ಸಾಮಾನೂ ಅಪರೂಪದ್ದಲ್ಲ: ಜೇಡಿಮಣ್ಣು, ಟಾಲ್ಕ್ ಅಂದರೆ ನಮ್ಮ ಪೌಡರ್ ಡಬ್ಬದ ಕಲ್ಲು, ಅಲ್ಯೂಮಿನಾ. ಇದು ಕಾಯಿಸಿದರೆ ಹಿಗ್ಗೋದೇ ಬಹಳ ಕಡಿಮೆ, ಉಕ್ಕು ಹಿಗ್ಗುವುದರ ಹತ್ತನೇ ಒಂದು ಭಾಗವೂ ಇಲ್ಲ. ಹಿಗ್ಗದಿದ್ದರೆ ಬಿರಿಯುವ ಭಯವೂ ಅಷ್ಟಕ್ಕಷ್ಟೇ.

ಬ್ಯಾಗ್ಲಿ ಅಚ್ಚು ಮಾಡಿದರು. ಚಕ್ಕುಲಿ ಒರಳು ನೆನಪಿಸಿಕೊಳ್ಳಿ. ಮೇಲಿಂದ ಹಿಟ್ಟು ಒತ್ತಿದರೆ ಬಿಲ್ಲೆಯ ತೂತಿನಿಂದ ಎಳೆ ಹೊರಬರುತ್ತೆ. ಬ್ಯಾಗ್ಲಿಗೆ ಬೇಕಾಗಿದ್ದು ಇದರ ಉಲ್ಟಾ: ತೂತೇ ತೂತು ಇರಬೇಕು, ಸುತ್ತ ತೆಳು ಗೋಡೆ ಮಾತ್ರ ಹಿಟ್ಟಿನದಾಗಿರಬೇಕು. ಅವರ ಬಿಲ್ಲೆಯ ಹಿಂಬದಿಯಲ್ಲಿ ಸಾಲು ತೂತುಗಳು, ಮುಂಬದಿಯಲ್ಲಿ ಅಡ್ಡ ಉದ್ದ ಗೀರಿದ ಸೀಳುಗಳು. ತೂತಿನಿಂದ ನುಗ್ಗಿದ ಮಣ್ಣು ಸೀಳಿನೊಳಗೆ ಪಕ್ಕಕ್ಕೆ ಹರಡಿ, ಅಕ್ಕಪಕ್ಕದ ಮಣ್ಣಿನ ಜೊತೆ ಬೆಸೆದುಕೊಂಡು, ಜಾಳಿಗೆಯಾಗಿ ಹೊರಬರುತ್ತೆ. ಬೇಕಾದ ಉದ್ದಕ್ಕೆ ಕತ್ತರಿಸಿ ಒಣಗಿಸಿ ಸುಟ್ಟರೆ ಇಟ್ಟಿಗೆ ರೆಡಿ. ಇಂದಿನ ಇಟ್ಟಿಗೆಗಳಲ್ಲಿ ಒಂದು ಚದರ ಇಂಚಿಗೆ 400, 600 ತೂತುಗಳು ಸಾಮಾನ್ಯ. ಒಳಗೋಡೆಗೆ ಅಲ್ಯೂಮಿನಾ ಲೇಪ, ಅದರ ಮೇಲೆ ಕೆಲವೇ ಗ್ರಾಂ ಪ್ಲಾಟಿನಂ ಜಾತಿಯ ಲೋಹ.

ಗಡುವಿನ ಹೊತ್ತಿಗೆ, 1975ರ ಮಾಡೆಲ್ ಕಾರುಗಳಲ್ಲಿ, ಕ್ಯಾಟಲಿಟಿಕ್ ಕನ್ವರ್ಟರ್ ರಸ್ತೆಗಿಳಿಯಿತು. ಮುಂದೆ ಎಂಗಲ್‌ಹಾರ್ಡ್ ಕಂಪನಿಯ ಜಾನ್ ಮೂನಿ ಮತ್ತು ಕಾರ್ಲ್ ಕೀತ್ ಅವರ ತಂಡ ನೈಟ್ರೋಜನ್ ಆಕ್ಸೈಡನ್ನೂ ಸೇರಿಸಿ ಮೂರು ವಿಷಗಳನ್ನು ಒಟ್ಟಿಗೇ ಕಳೆಯುವ ಕ್ಯಾಟಲಿಸ್ಟ್ ಮಾಡಿತು. ಅದಕ್ಕೆ ಗಾಳಿ ಮತ್ತು ಪೆಟ್ರೋಲಿನ ಪ್ರಮಾಣ ಕರಾರುವಾಕ್ಕಾಗಿರಬೇಕಿತ್ತು. ಹೊಗೆಯಲ್ಲಿನ ಆಮ್ಲಜನಕ ಅಳೆದು ಎಂಜಿನ್ನಿಗೆ ಸುದ್ದಿ ಮುಟ್ಟಿಸುವ ಬಾಷ್ ಕಂಪನಿಯ ಸೆನ್ಸರ್ ಅದನ್ನು ಸಾಧ್ಯ ಮಾಡಿತು. ಆ ಸೆನ್ಸರಿನ ಜೀವಾಳವೂ ಒಂದು ಸೆರಾಮಿಕ್, ಜಿರ್ಕೋನಿಯಾ. 1976ರಲ್ಲಿ ವೋಲ್ವೋ ಕಂಪನಿ ಕ್ಯಾಲಿಫೋರ್ನಿಯಾದ ಕಾರುಗಳಿಗೆ ಇವೆರಡನ್ನೂ ಹಾಕಿತು.

ನನಗೆ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಹೆಚ್ಚು ನಾಟಿದ್ದು ಸೀಸದ ಕಥೆ. ಹುಡ್ರಿಯ ಯಂತ್ರವನ್ನು ಸೀಸ ಕೊಂದಿತ್ತಲ್ಲ, ಈಗ ಯಂತ್ರ ಸೀಸವನ್ನು ಓಡಿಸಿತು. ಕನ್ವರ್ಟರ್ ಉಳೀಬೇಕಾದ್ರೆ ಸೀಸವಿಲ್ಲದ ಪೆಟ್ರೋಲ್ ಬೇಕು ಅಂತ 1974ರ ಜುಲೈನಿಂದ ಅಮೆರಿಕದ ದೊಡ್ಡ ಬಂಕುಗಳಲ್ಲಿ ಅದನ್ನು ಇಡಲೇಬೇಕಾಯ್ತು. ಮಕ್ಕಳ ಮಿದುಳಿಗೆ ಹಾನಿ ಮಾಡುವ ವಿಷ ಇಟ್ಟಿಗೆಯೊಂದರ ದೆಸೆಯಿಂದ ಗಾಳಿಯಿಂದ ಇಳಿಯತೊಡಗಿತು.

ನಮ್ಮಲ್ಲಿ ಇದೇ ಕಥೆ ಇಪ್ಪತ್ತು ವರ್ಷ ತಡವಾಗಿ ನಡೀತು. ಎಂ.ಸಿ. ಮೆಹ್ತಾ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಬೆನ್ನು ಹತ್ತಿದ ಮೇಲೆ, 1995ರ ಏಪ್ರಿಲ್ 1ರಿಂದ ನಾಲ್ಕು ಮಹಾನಗರಗಳಲ್ಲಿ ಹೊಸ ಕಾರಿಗೆ ಕನ್ವರ್ಟರ್, ಬಂಕಿನಲ್ಲಿ ಸೀಸರಹಿತ ಪೆಟ್ರೋಲ್ ಬಂತು. ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ. ಆ ಪಟ್ಟಿಯಲ್ಲಿ ಬೆಂಗಳೂರು ಇರಲಿಲ್ಲ. ನಮ್ಮೂರಿನ ಜಾರ್ಜ್ ಫೌಂಡೇಶನ್ ದೇಶದ ಏಳು ನಗರಗಳಲ್ಲಿ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿದಾಗ, ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ ಆಗಿನ ಎಚ್ಚರಿಕೆಯ ಮಟ್ಟವಾದ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿತ್ತು. 1999ರಲ್ಲಿ ಇದರ ಬಗ್ಗೆ ಅಂತಾರಾಷ್ಟ್ರೀಯ ಸಮ್ಮೇಳನ ನಡೆದದ್ದೂ ಬೆಂಗಳೂರಿನಲ್ಲೇ. 2000ದ ಫೆಬ್ರವರಿ 1ರಿಂದ ಇಡೀ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ತೊಂಬತ್ತರ ದಶಕದಲ್ಲಿ ಅಪ್ಪನ ಸ್ಕೂಟರಿನ ಮುಂದೆ ನಿಂತು ಸಿಗ್ನಲ್‌ಗಳಲ್ಲಿ ಗಾಳಿ ಕುಡಿದ ನಮ್ಮ ವಯಸ್ಸಿನವರು ಈ ಸಾಲನ್ನು ಸುಮ್ಮನೆ ಓದಿ ದಾಟೋಕಾಗಲ್ಲ.

ಇಂಗಾಲದ್ದೂ ಇಲ್ಲೊಂದು ಉಪಕಥೆ ಇದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಟ್ಯಾಂಕಿನಿಂದ ಪೆಟ್ರೋಲ್ ಆವಿ ಎದ್ದು ಗಾಳಿ ಸೇರುತ್ತೆ, ಎಂಜಿನ್ ಆಫ್ ಆಗಿದ್ದರೂ. ಅದನ್ನು ಹಿಡಿಯೋಕೆ ಅಮೆರಿಕದಲ್ಲಿ 1970ರ ಸುಮಾರಿಗೆ ಬಂದದ್ದು ಇದ್ದಿಲಿನ ಡಬ್ಬಿ. ಸಕ್ರಿಯಗೊಳಿಸಿದ ಇದ್ದಿಲಿನ ಒಂದು ಗ್ರಾಂನೊಳಗಿನ ತೂತುಗಳ ಮೇಲ್ಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸಾವಿರ ಚದರ ಮೀಟರ್ ದಾಟುತ್ತೆ. ಬೆಂಗಳೂರಿನ ಲೆಕ್ಕದಲ್ಲಿ ಹೇಳೋದಾದ್ರೆ 30-40ರ ಸೈಟು ಸುಮಾರು ಒಂಬತ್ತು! ಮೊದಲ ಮಹಾಯುದ್ಧದಲ್ಲಿ ತೆಂಗಿನ ಚಿಪ್ಪಿನ ಇದ್ದಿಲು ಸೈನಿಕರ ಮುಖವಾಡದಲ್ಲಿ ವಿಷಾನಿಲ ಹೀರುತ್ತಿತ್ತು. ಕಾರಿನಲ್ಲೂ ಅದೇ ಉಪಾಯ, ಅಲ್ಲಿಗೆ ಹೆಚ್ಚಾಗಿ ಮರದ ಇದ್ದಿಲು. ಟ್ಯಾಂಕಿನ ಆವಿಯನ್ನು ಹಿಡಿದಿಟ್ಟುಕೊಂಡು, ಎಂಜಿನ್ ಶುರುವಾದಾಗ ಅದಕ್ಕೇ ಉಣಿಸುತ್ತೆ. ಇವತ್ತು ನಮ್ಮ ಸ್ಕೂಟರುಗಳಲ್ಲೂ ಈ ಡಬ್ಬಿ ಇದೆ.

ಇನ್ನು ನನ್ನ ಕಾರಿನ ವಿಷಯ. ಪೆಟ್ರೋಲ್ ಕಾರಿನ ಇಟ್ಟಿಗೆ ಸೋಸುವುದಿಲ್ಲ, ಹೊಗೆ ಅದರ ಕೊಳವೆಗಳಲ್ಲಿ ಹರಿದು ಹೋಗುತ್ತೆ ಅಷ್ಟೆ. ಡೀಸೆಲ್ಲಿನ ಸಮಸ್ಯೆ ಮಸಿ, ಅಂದರೆ ಘನರೂಪದ ಇಂಗಾಲ. ಅದಕ್ಕೆ ಅದೇ ಇಟ್ಟಿಗೆಯ ತೂತುಗಳನ್ನು ಚದುರಂಗದ ಮಣೆಯ ಹಾಗೆ ಒಂದು ಬಿಟ್ಟು ಒಂದು ಮುಚ್ಚಿದರು. ಈ ತುದಿಯಲ್ಲಿ ತೆರೆದ ಕೊಳವೆ ಆ ತುದಿಯಲ್ಲಿ ಮುಚ್ಚಿರುತ್ತೆ. ಹೊಗೆಗೆ ಬೇರೆ ದಾರಿಯಿಲ್ಲ, ಗೋಡೆಯ ಸೂಕ್ಷ್ಮ ರಂಧ್ರಗಳಲ್ಲಿ ತೂರಿಯೇ ಹೋಗಬೇಕು. ಮಸಿಯ ಶೇ. 95ಕ್ಕೂ ಹೆಚ್ಚು ಗೋಡೆಯಲ್ಲೇ ಉಳಿಯುತ್ತೆ.

ಉಳಿದ ಮಸಿಯನ್ನು ಏನು ಮಾಡೋದು? ಅಲ್ಲೇ ಸುಡಬೇಕು, ಅದಕ್ಕೆ ಸುಮಾರು 600 ಡಿಗ್ರಿ ಶಾಖ ಬೇಕು. 1985ರಲ್ಲಿ ಮರ್ಸಿಡಿಸ್ ಕ್ಯಾಲಿಫೋರ್ನಿಯಾದ ಕಾರುಗಳಿಗೆ ಮಸಿ ಹಿಡಿಯುವ ಸಾಧನ ಹಾಕಿ ನೋಡಿತು, ಆ ಪ್ರಯೋಗ ಬಾಳಲಿಲ್ಲ. 2000ದಲ್ಲಿ ಪೂಜೋ 607 ಕಾರಿನಲ್ಲಿ ಅದು ಕೈಗೂಡಿತು. ಜಪಾನಿನ ಇಬಿಡೆನ್ ಕಂಪನಿಯ ಸಿಲಿಕಾನ್ ಕಾರ್ಬೈಡ್ ಫಿಲ್ಟರ್, ಮಸಿ ಕಡಿಮೆ ಶಾಖದಲ್ಲೇ ಉರಿಯಲಿ ಅಂತ ಡೀಸೆಲ್ಲಿಗೆ ಚೂರು ಸೀರಿಯಂ, ಆಗಾಗ ತಾನಾಗೇ ಹೊಗೆಯನ್ನು ಬಿಸಿ ಮಾಡುವ ಎಂಜಿನ್. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತೆ ಅಂತ ಸ್ಪಷ್ಟವಾಗಿ ಹೇಳಿತು. ನಮ್ಮಲ್ಲಿ ಫಿಲ್ಟರ್ ಡೀಸೆಲ್ ಕಾರಿನ ಸಾಮಾನ್ಯ ಭಾಗವಾದದ್ದು 2020ರ ಏಪ್ರಿಲ್ 1ರ ಬಿಎಸ್-6ರಿಂದ. ಆಗಲೂ ಮೊದಲು ಇಂಧನ ಬದಲಾಗಬೇಕಾಯ್ತು: ಡೀಸೆಲ್ಲಿನ ಗಂಧಕ ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿಯಿತು. ಪೆಟ್ರೋಲಿನ ಇಟ್ಟಿಗೆಗೆ ಸೀಸ ಹೇಗೋ, ಇದಕ್ಕೆ ಗಂಧಕ ಹಾಗೆ.

ಎರಡು ದಿನ ಆದಮೇಲೆ ನನ್ನ ಕಾರು ಯಾಕೆ ಕೆಟ್ಟಿತು ಅನ್ನೋದೂ ಅರ್ಥವಾಯ್ತು. ಅದು ಕೆಟ್ಟಿರಲೇ ಇಲ್ಲ. ಮನೆಯಿಂದ ಆಫೀಸಿಗೆ ಆರು ಕಿಲೋಮೀಟರ್, ಮುಕ್ಕಾಲು ಗಂಟೆ ಟ್ರಾಫಿಕ್ಕು. ಫಿಲ್ಟರ್ ಕಾದು ಮಸಿ ಸುಡುವಷ್ಟು ಓಟವನ್ನು ನಾನು ಅದಕ್ಕೆ ಕೊಟ್ಟೇ ಇರಲಿಲ್ಲ. ಕಾರು ಕೊಳ್ಳುವಾಗ ಲೀಟರಿಗೆ ಎಷ್ಟು ಉಳಿಯುತ್ತೆ ಅಂತ ಎಕ್ಸೆಲ್ ಶೀಟ್ ಮಾಡಿದ್ದೆ. ಇದೊಂದು ಕಾಲಂ ಅದರಲ್ಲಿರಲಿಲ್ಲ.

ಗ್ಯಾರೇಜಿನವರು ಹೇಳಿದ್ದೂ ಸುಳ್ಳೇನಲ್ಲ. ಎಮಿಷನ್ ಟೆಸ್ಟು ನೋಡೋದು ಹೊಗೆ ಎಷ್ಟು ದಟ್ಟವಾಗಿದೆ ಅಂತ. ಕಣ್ಣಿಗೆ ಕಾಣದ ಸಣ್ಣ ಕಣಗಳನ್ನು ಅದು ಎಣಿಸುವುದಿಲ್ಲ. ಇಟ್ಟಿಗೆ ತೆಗೆಸೋದು ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ನಿಗೆ ವಿರುದ್ಧ, ಆದರೆ ಬಾನೆಟ್ ಎತ್ತಿ ಯಾರು ನೋಡ್ತಾರೆ? ಯಾರೂ ನೋಡಲ್ಲ. ಆದರೆ ನಮ್ಮ ಮನೆಯ ಪೋರ್ಟಿಕೋದಲ್ಲಿ ಕಾರಿನ ಹಿಂಭಾಗ ಇರೋದು ಜಗಲಿಯ ಕಡೆ. ಬೆಳಿಗ್ಗೆ ಎಂಟೂವರೆಗೆ ನಾನು ಸ್ಟಾರ್ಟ್ ಮಾಡುವ ಹೊತ್ತಿಗೆ ಅಮ್ಮ ಅಲ್ಲೇ ಕುರ್ಚಿ ಹಾಕಿಕೊಂಡು ಹೂ ಕಟ್ಟುತ್ತಿರುತ್ತಾಳೆ. ಪಕ್ಕದಲ್ಲಿ ಅವಳ ಇನ್‌ಹೇಲರ್ ಇರುತ್ತೆ.

"ತೆಗೆಯೋದು ಬೇಡ, ಒಳಗಿರೋದನ್ನೇ ಸುಟ್ಟು ಕೊಡಿ" ಅಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ ಸ್ಕ್ಯಾನರ್ ಜೋಡಿಸಿದರು. ಅರ್ಧ ಗಂಟೆ ಎಂಜಿನ್ ಒಂದೇ ಸಮ ಗುಂಯ್‌ಗುಟ್ಟಿತು, ಅಡಿಯಿಂದ ಧಗೆ ಹೊಡೆಯಿತು, ದೀಪ ಆರಿತು. "ಹದಿನೈದು ದಿನಕ್ಕೊಂದ್ಸಲ ಹೈವೇಲಿ ಓಡಿಸಿ ಸಾರ್, ಇಲ್ಲಾಂದ್ರೆ ಮತ್ತೆ ಇಲ್ಲಿಗೇ ಬರ್ತೀರ."

ಈಗ ಹದಿನೈದು ದಿನಕ್ಕೊಂದು ಭಾನುವಾರ ಬೆಳಿಗ್ಗೆ ತುಮಕೂರು ರಸ್ತೆಯಲ್ಲಿ ಹೋಗಿ ಬರ್ತೀನಿ. ಒಂದು ಇಟ್ಟಿಗೆ ಚೊಕ್ಕಟವಾಗಿರಲಿ ಅಂತ ಅಷ್ಟು ಡೀಸೆಲ್ ಸುಡೋದು ನಗೆಪಾಟಲೇ, ಒಪ್ಪಿಕೊಳ್ತೀನಿ. ಅದಕ್ಕೇ ಆಫೀಸಿಗೆ ಮೆಟ್ರೋ ಪಾಸ್ ಮಾಡಿಸಿದ್ದೀನಿ, ಕಾರನ್ನು ಮಾರಾಟಕ್ಕೂ ಇಟ್ಟಿದ್ದೀನಿ. ಮೊನ್ನೆ ಒಬ್ಬರು ನೋಡೋಕೆ ಬಂದಿದ್ದರು. ಮೈಲೇಜು, ಇನ್ಶೂರೆನ್ಸು ಎಲ್ಲ ಕೇಳಿದ ಮೇಲೆ ದನಿ ತಗ್ಗಿಸಿ, "ಡಿಪಿಎಫ್ ತೆಗೆಸಿದ್ದೀರಾ ಸಾರ್?" ಅಂದರು.

ಇಲ್ಲ, ಇದೆ ಅಂದೆ. ಯೋಚಿಸಿ ಹೇಳ್ತೀನಿ ಅಂತ ಹೋದರು.