ಎಡಮುರಿ, ಬಲಮುರಿ

ಬಲಮುರಿ ಶಂಖವನ್ನು ಹೇಗೆ ತಿರುಗಿಸಿದರೂ ಅದು ಎಡಮುರಿಯಾಗದು. ಕನ್ನಡಿಯಲ್ಲಿ ಮಾತ್ರ ಆದೀತು. ಎಲೆಕ್ಟ್ರಾನ್, ಕ್ವಾರ್ಕುಗಳಂಥ ಸೂಕ್ಷ್ಮ ಕಣಗಳಲ್ಲಿಯೂ ಇಂಥ ಎರಡು ಮುರಿಗಳುಂಟು. ಪ್ರಕೃತಿಗೆ ಇವೆರಡೂ ಸಮವೆಂದು ವಿಜ್ಞಾನಿಗಳು ನಂಬಿದ್ದರು. 1956ರಲ್ಲಿ ಲೀ ಮತ್ತು ಯಾಂಗ್ ಈ ನಂಬಿಕೆಯನ್ನು ಪ್ರಶ್ನಿಸಿದರು. 1957ರ ಜನವರಿಯಲ್ಲಿ ಶ್ರೀಮತಿ ವೂ ಅವರ ಕೋಬಾಲ್ಟ್ ಪ್ರಯೋಗ ಅದನ್ನು ಮುರಿಯಿತು. ಬೀಟಾ ವಿಕಿರಣವನ್ನು ಹೊರಡಿಸುವ ಬಲವು ಕಣಗಳ ಪೈಕಿ ಎಡಮುರಿಗಳನ್ನಷ್ಟೇ ಮುಟ್ಟುತ್ತದೆ. ಈ ಪಕ್ಷಪಾತವನ್ನು ಲೆಕ್ಕಕ್ಕೆ ಇಳಿಸಹೊರಟಾಗ ಒದಗಿದ ತೊಡಕು ದೊಡ್ಡದು.

1974ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕೆನೆತ್ ವಿಲ್ಸನ್ ಒಂದು ಉಪಾಯ ಹೂಡಿದರು. ದೇಶಕಾಲಗಳನ್ನು ಅಖಂಡವೆಂದು ಬಗೆಯದೆ, ರಂಗೋಲಿಯ ಚುಕ್ಕಿಗಳಂತೆ ಬಿಡಿಬಿಡಿಯಾಗಿ ಇಟ್ಟು, ಚುಕ್ಕಿಯಿಂದ ಚುಕ್ಕಿಗೆ ಲೆಕ್ಕ ಮಾಡುವುದು. ಗಣಕಯಂತ್ರಕ್ಕೆ ಒಗ್ಗುವ ಕೆಲಸವೇ ಸರಿ. ಆದರೆ ಚುಕ್ಕಿಗಳ ಮೇಲೆ ಒಂದು ಕಣವನ್ನಿಟ್ಟರೆ ನಾಲ್ಕು ಆಯಾಮಗಳಲ್ಲಿ 16 ಕಣಗಳು ಎದ್ದು ನಿಲ್ಲುತ್ತವೆ! ಹೆಚ್ಚಿನ 15ನ್ನು ವಿಲ್ಸನ್ ಭಾರ ಹೇರಿ ಅಡಗಿಸಿದರು. ಅದರಿಂದ ಎಡಬಲಗಳ ಭೇದವೇ ಕಲಸಿಹೋಯಿತು.

1981ರಲ್ಲಿ ನೀಲ್ಸೆನ್ ಮತ್ತು ನಿನೊಮಿಯಾ ಇದಕ್ಕೆ ಕಾರಣ ತೋರಿಸಿದರು. ಚುಕ್ಕಿಲೋಕದಲ್ಲಿ ಕಣದ ಶಕ್ತಿಯ ಗೆರೆ ಬಳೆಯಂತೆ ಸುತ್ತಿ ಬಂದು ಕೂಡಿಕೊಳ್ಳುತ್ತದೆ. ಸೊನ್ನೆಯ ಮಟ್ಟವನ್ನು ಒಂದೆಡೆ ಏರುತ್ತ ದಾಟಿದರೆ ಇನ್ನೊಂದೆಡೆ ಇಳಿಯುತ್ತ ದಾಟಲೇಬೇಕು. ಏರುವುದು ಬಲಮುರಿ, ಇಳಿಯುವುದು ಎಡಮುರಿ. ಒಂಟಿ ಮುರಿಗೆ ಅಲ್ಲಿ ಎಡೆಯೇ ಇಲ್ಲ. ಇದು ಲೆಕ್ಕಿಗನ ಅಜಾಗ್ರತೆಯಲ್ಲ, ಆಕಾರದ ಕಟ್ಟಳೆ.

ಮರುವರ್ಷವೇ ವಿಲ್ಸನ್ನರೂ ಅವರ ಶಿಷ್ಯ ಪಾಲ್ ಗಿನ್ಸ್‌ಪಾರ್ಗರೂ ಬೇರೊಂದು ಪ್ರಶ್ನೆ ಕೇಳಿದರು: ಅಖಂಡ ಲೋಕವನ್ನು ಸರಾಸರಿ ಮಾಡಿ ಚುಕ್ಕಿಗಳಿಗೆ ಇಳಿಸಿದರೆ ಸಮತೆಯಲ್ಲಿ ಉಳಿಯುವುದೇನು? ಉತ್ತರವಾಗಿ ಒಂದು ಪುಟ್ಟ ಸಮೀಕರಣ ದೊರೆಯಿತು. ಅದನ್ನು ಪಾಲಿಸುವ ಉಪಯುಕ್ತ ಸೂತ್ರವನ್ನು ಮಾತ್ರ ಯಾರೂ ಕಾಣಲಿಲ್ಲವಾಗಿ, ಆ ಲೇಖನ 15 ವರ್ಷ ಮೂಲೆ ಸೇರಿತ್ತು. ವಿದ್ವಾಂಸರ ಲೇಖನಗಳನ್ನು ಎಲ್ಲರಿಗೂ ತಲುಪಿಸುವ ಗಣಕ ಭಂಡಾರವನ್ನು 1991ರಲ್ಲಿ ತೆರೆದವರು ಇದೇ ಗಿನ್ಸ್‌ಪಾರ್ಗ್ ಎಂಬುದು ಸ್ವಾರಸ್ಯ.

1992ರಲ್ಲಿ ಕಪ್ಲಾನ್ ಐದನೆಯ ಆಯಾಮವನ್ನು ಕಲ್ಪಿಸಿ, ಅದರೊಳಗಿನ ಗೋಡೆಗೆ ಒಂದೇ ಮುರಿಯ ಕಣ ಅಂಟಿಕೊಳ್ಳುವುದೆಂದರು. ಇದೇ ಜಾಡಿನಲ್ಲಿ ರಾಜಮಣಿ ನಾರಾಯಣನ್ ಮತ್ತು ಹರ್ಬರ್ಟ್ ನ್ಯೂಬರ್ಗರ್ ದುಡಿದರು. ಅತ್ತ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಹಾಸೆನ್‌ಫ್ರಾಟ್ಸ್ 1997ರಲ್ಲಿ ಮರೆತ ಸಮೀಕರಣವನ್ನು ಮತ್ತೆ ಬೆಳಕಿಗೆ ತಂದರು. ನ್ಯೂಬರ್ಗರರ ಸೂತ್ರವೂ ಅದನ್ನು ಪಾಲಿಸುತ್ತದೆಂದು ತಿಳಿಯಿತು. 1998ರಲ್ಲಿ ಲ್ಯೂಷರ್, ಸಮತೆಯ ಅರ್ಥವನ್ನು ತುಸು ಬದಲಿಸಿದರೆ ಚುಕ್ಕಿಗಳ ಮೇಲೂ ಅದು ನಿಖರವಾಗಿ ನಿಲ್ಲುವುದೆಂದು ತೋರಿಸಿಕೊಟ್ಟರು.

ಇದರಿಂದ ಇನ್ನೊಂದು ಲಾಭವಾಯಿತು. ಬಲಕ್ಷೇತ್ರದಲ್ಲಿ ಬೀಳುವ ಗಂಟುಗಳ ಎಣಿಕೆಯು ಶೂನ್ಯಶಕ್ತಿಯ ಎಡ, ಬಲ ಸ್ಥಿತಿಗಳ ವ್ಯತ್ಯಾಸಕ್ಕೆ ಸಮ. ಬಿಡಿ ಚುಕ್ಕಿಗಳ ನಡುವೆ ಗಂಟು ಜಾರಿಹೋದೀತೆಂಬ ಅಳುಕಿತ್ತು. ಹೊಸ ಸೂತ್ರದಲ್ಲಿ ಆ ಎಣಿಕೆ ಎಂದೂ ಪೂರ್ಣಾಂಕವೇ; ಅರ್ಧ ಗಂಟೆಂಬುದಿಲ್ಲ.

ಕ್ವಾರ್ಕುಗಳ ಲೆಕ್ಕಕ್ಕೆ ಇದು ಸಾಕು. ಎಡಮುರಿಯನ್ನಷ್ಟೇ ಹಿಡಿಯುವ ಆ ಬೀಟಾ ಬಲವನ್ನು ಪೂರ್ತಿಯಾಗಿ ಚುಕ್ಕಿಗಳ ಮೇಲೆ ಕಟ್ಟುವ ಕೆಲಸ ಮಾತ್ರ ಇನ್ನೂ ಮುಗಿದಿಲ್ಲ.